ಕ್ಯಾಡ್ ಒಳಗ ಫೋಟೋ ಕರೆಕ್ಟ್ ಅಳತಿಗೆ ತರೋದು ಹ್ಯಾಂಗ?

ಕಲಬುರಗಿ ಒಳಗ ಡ್ರಾಫ್ಟಿಂಗ್ ಕೆಲಸ ಮಾಡೋರಿಗೆ ವಾರದಾಗ ಒಮ್ಮೆ ಆದ್ರೂ ಹಿಂಗ ಫೋನ್ ಬಂದೇ ಬರ್ತದ, "ಅಣ್ಣಾ, ಪ್ಲಾನ್ ಫೋಟೋ ವಾಟ್ಸಾಪ್ ಮಾಡೀನಿ, ಅದರ ಮ್ಯಾಲ ಗೆರಿ ಎಳ್ದು ಕೊಡ್ರಿ, ಅರ್ಧ ತಾಸಿನ ಕೆಲಸ." ಗೆರಿ ಎಳಿಯೋದು ಅರ್ಧ ತಾಸಿಂದೇ ಖರೆ, ಆದ್ರ ಆ ಫೋಟೋ ಆಟೋಕ್ಯಾಡ್ ಅನ್ನೋ ಕಂಪ್ಯೂಟರ್ ನಕ್ಷೆ ಸಾಫ್ಟ್‌ವೇರ್ ಒಳಗ ತಂದಾಗ ಅದಕ್ಕ ಫೂಟು ಇಂಚು ಏನೂ ಗೊತ್ತಿರಂಗಿಲ್ಲ, ಒಮ್ಮೊಮ್ಮೆ ಇರುವಿ ತಲಿಯಷ್ಟು ಸಣ್ಣದು ಬಂದು ಕೂಡ್ತದ. ಹೊಸಾ ಹುಡುಗರು ಮೂಲಿ ಹಿಡ್ದು ಎಳ್ದು ಎಳ್ದು ಅಂದಾಜಿನ ಮ್ಯಾಲ ಹೊಂದಿಸ್ತಾರ. ಅದು ಮಾತ್ರ ಮಾಡಬ್ಯಾಡ್ರಿ.

ಉದಾಹರಣೆಗೆ ನಮ್ಮ ಕೋಟೆ ಒಳಗಿನ ಜಾಮಿ ಮಸೀದಿನೇ ತಗೋರಿ. 1367ರದ್ದು, ಬೇರೆ ಮಸೀದಿಗಳ ಹಂಗ ನಡುವ ತೆರೆದ ಅಂಗಳ ಇಲ್ಲ, ಪೂರಾ ಮ್ಯಾಲ ಛಾವಣಿ ಅದ, ಅದಕ್ಕ ಅದರ ಪ್ಲಾನ್ ತುಂಬ ಬರೀ ಕಂಬ. ಆರ್ಕಿಟೆಕ್ಚರ್ ಓದೋ ಹುಡುಗರು ಇದನ್ನ ಟ್ರೇಸ್ ಮಾಡೋಕೆ, ಅಂದ್ರ ಫೋಟೋ ಮ್ಯಾಲ ಗೆರಿ ಎಳಿಯೋಕೆ, ಬರ್ತಿರ್ತಾರ. ಪೂರ್ವ ಪಶ್ಚಿಮ 216 ಫೂಟ್, ಉತ್ತರ ದಕ್ಷಿಣ 176 ಫೂಟ್ ಅಂತ ಪುಸ್ತಕದಾಗ ಅಳತಿ ಸಿಗ್ತದ. ಎರಡು ಅಳತಿ ಕೈಯಾಗ ಅವ ಅಂದ್ರ ಅರ್ಧ ಕೆಲಸ ಆದಂಗೆ, ಒಂದು ಸ್ಕೇಲ್ ಮಾಡ್ಲಿಕ್ಕೆ, ಇನ್ನೊಂದು ಚೆಕ್ ಮಾಡ್ಲಿಕ್ಕೆ.

ಮೊದಲು ಫೋಟೋ ಸರಿ ಇರ್ಲಿ. ವಾಟ್ಸಾಪ್ ಒಳಗ ಫೋಟೋ ಅಂತ ಕಳಿಸಿದ್ರ ಕ್ವಾಲಿಟಿ ಇಳೀತದ, ಡಾಕ್ಯುಮೆಂಟ್ ಅಂತ ಕಳಿಸ್ಲಿಕ್ಕೆ ಹೇಳ್ರಿ, ಅದಕ್ಕಿಂತ ಛಲೋ ಅಂದ್ರ ಝೆರಾಕ್ಸ್ ಅಂಗಡ್ಯಾಗ 300 ಡಿಪಿಐಗೆ (ಒಂದು ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿಸ್ರಿ. ಟೇಬಲ್ ಮ್ಯಾಲ ಇಟ್ಟು ಕುಂತಲ್ಲಿಂದನೇ ಓರೆ ಹಿಡ್ದು ತಗದ ಫೋಟೋದಾಗ ದೂರದ ಬದಿ ಸಣ್ಣದಾಗಿರ್ತದ, ಅದನ್ನ ಯಾವ ಸ್ಕೇಲ್ ಕಮಾಂಡೂ ಸರಿ ಮಾಡಂಗಿಲ್ಲ. ಫೈಲ್ ಬಹಳ ಎಂಬಿ ಇದ್ರ ಪೇಂಟ್ ಒಳಗ ಮೊದ್ಲೇ ಸಣ್ಣ ಮಾಡ್ಕೋರಿ, ಕ್ಯಾಡ್ ಒಳಗ ಸ್ಕೇಲ್ ಮಾಡಿದ್ರ ಕಾಣೋ ಸೈಜ್ ಬದಲಾಗ್ತದ, ಜೆಪಿಜಿ ಫೈಲ್ ಹಗುರಾಗಂಗಿಲ್ಲ.

ಆಮ್ಯಾಲ ಯೂನಿಟ್ಸ್ ಅಂತ ಟೈಪ್ ಮಾಡಿ ಆರ್ಕಿಟೆಕ್ಚರಲ್ ಇಟ್ಕೋರಿ, ಇಲ್ಲಂದ್ರ 216 ಫೂಟ್ ಅಂತ ಫೂಟಿನ ಗುರ್ತು (') ಹಾಕಿ ಹೊಡದ್ರ ಅದು ತಗೊಳ್ಳಂಗಿಲ್ಲ. ಇಮೇಜ್‌ಅಟ್ಯಾಚ್ (IMAGEATTACH) ಅಂತ ಕೂಡಿಸಿ ಟೈಪ್ ಮಾಡಿ ಎಂಟರ್ ಹೊಡೀರಿ, ಫೈಲ್ ಆರಿಸ್ರಿ, ಸ್ಕೇಲ್ 1 ಇದ್ದಂಗೇ ಬಿಟ್ಟು ಎಲ್ಲಿ ಬೇಕಲ್ಲಿ ಕ್ಲಿಕ್ ಮಾಡಿ ಇಡ್ರಿ. ಫೋಟೋ ಕಾಣವಲ್ದು ಅಂದ್ರ ಗಾಬರಿ ಆಗಬ್ಯಾಡ್ರಿ, ಝಡ್ ಎಂಟರ್, ಇ ಎಂಟರ್, ಅಲ್ಲೇ ಎಲ್ಲೋ ಮೂಲ್ಯಾಗ ಕುಂತಿರ್ತದ.

ಈಗ ಅಸಲಿ ಕೆಲಸ. ಎಫ್3 ಒತ್ತಿ ಸ್ನ್ಯಾಪ್ (ಕರ್ಸರ್ ಗೆರಿ ತುದಿಗೆ ತಾನೇ ಅಂಟೋದು) ಬಂದ್ ಮಾಡ್ರಿ, ಫೋಟೋ ಝೂಮ್ ಮಾಡ್ಕೊಂಡು 216 ಫೂಟ್ ಇರೋ ಗ್ವಾಡಿ ಮ್ಯಾಲ ಈ ತುದಿಯಿಂದ ಆ ತುದಿ ತನಕ ಒಂದು ಲೈನ್ ಎಳೀರಿ. ಯಾಕಂದ್ರ ಕ್ಯಾಡಿಗೆ ಫೋಟೋದಾಗಿನ ಗ್ವಾಡಿ ಕಾಣಂಗಿಲ್ಲ, ಸ್ನ್ಯಾಪ್ ಅದರ ಮ್ಯಾಲ ಕೂಡಂಗಿಲ್ಲ, ನಿಮ್ಮ ಲೈನಿನ ತುದಿ ಮ್ಯಾಲ ಆದ್ರ ಗಟ್ಟಿ ಕೂಡ್ತದ. ಈಗ ಸ್ನ್ಯಾಪ್ ಮತ್ತ ಚಾಲೂ ಮಾಡಿ, ಎಸ್‌ಸಿ (ಸ್ಕೇಲ್) ಎಂಟರ್, ಫೋಟೋ ಮತ್ತು ಲೈನ್ ಎರಡೂ ಸೆಲೆಕ್ಟ್ ಮಾಡಿ ಎಂಟರ್, ಬೇಸ್ ಪಾಯಿಂಟ್ ಕೇಳಿದಾಗ ಲೈನಿನ ಒಂದು ತುದಿ, ಆಮ್ಯಾಲ ಆರ್ ಎಂಟರ್. ಈ ಆರ್ ಅಂದ್ರ ರೆಫರೆನ್ಸ್, ಪೂರಾ ಆಟ ಇದರಾಗೇ ಅದ. ಲೈನಿನ ಈ ತುದಿ ಒಂದು ಕ್ಲಿಕ್, ಆ ತುದಿ ಒಂದು ಕ್ಲಿಕ್, ಕಡೀಗೆ 216' ಟೈಪ್ ಮಾಡಿ ಎಂಟರ್. ಇಂಚಿನ ಡ್ರಾಯಿಂಗ್ ಇದ್ರ 2592, ಮಿಲಿಮೀಟರ್ ಇದ್ರ 65836.8. ಕ್ಯಾಲ್ಕ್ಯುಲೇಟರ್ ಹಿಡ್ದು ಫ್ಯಾಕ್ಟರ್ ಲೆಕ್ಕ ಮಾಡೋದೇ ಬ್ಯಾಡ, ಅದು ತಾನೇ ಮಾಡ್ಕೋತದ.

ಇಲ್ಲೇ ಮಂದಿ ಮಾಡೋ ದೊಡ್ಡ ತಪ್ಪು ಏನಂದ್ರ, ಬಾಗಿಲ ಅಳತಿ ಗೊತ್ತದ ಅಂತ ಬಾಗಿಲ ಹಿಡ್ದೇ ಸ್ಕೇಲ್ ಮಾಡಿಬಿಡ್ತಾರ. 3 ಫೂಟಿನ ಬಾಗಿಲದಾಗ ಕ್ಲಿಕ್ ಒಂದೇ ಒಂದು ಇಂಚು ತಪ್ಪಿದ್ರ, 216 ಫೂಟಿಗೆ ಅದು 72 ಇಂಚು ಆಗ್ತದ, ಅಂದ್ರ 6 ಫೂಟ್! ಯಾವಾಗ್ಲೂ ಗೊತ್ತಿರೋದ್ರಾಗ ಎಲ್ಲಕ್ಕಿಂತ ಉದ್ದನ ಅಳತಿನೇ ಹಿಡೀರಿ, ನಾನು ಒಮ್ಮೆ 30x40 ಸೈಟಿನ ಪ್ಲಾನಿಗೆ ಕಿಟಕಿ ಹಿಡ್ದು ಸ್ಕೇಲ್ ಮಾಡಿ ಮಾಲಕರ ಮುಂದ ಮಾರಿ ಸಣ್ಣದು ಮಾಡ್ಕೊಂಡೀನಿ.

ಈಗ ಡಿಐ, ಅಂದ್ರ ಡಿಸ್ಟನ್ಸ್, ಎಂಟರ್ ಹೊಡ್ದು ಇನ್ನೊಂದು ಬದಿ ಅಳೀರಿ. 176 ಹತ್ರ ಬಂತು ಅಂದ್ರ ಮುಂದ ಹೋಗ್ರಿ. 170 ಬಂತು ಅಂದ್ರ ಫೋಟೋನೇ ಹಿಗ್ಗೋ ಕುಗ್ಗೋ ಆಗ್ಯಾದ. ಇಮೇಜಿಗೆ ಉದ್ದ ಬ್ಯಾರೆ ಅಗಲ ಬ್ಯಾರೆ ಎಳಿಯೋಕೆ ಬರಂಗಿಲ್ಲ, ಆದ್ರ ಅದನ್ನ ಬ್ಲಾಕ್ (ಹೆಸರಿಟ್ಟ ಒಂದು ಗುಂಪು) ಮಾಡಿದ್ರ, ಬ್ಲಾಕ್ ಮಾಡೋವಾಗ ಸ್ಕೇಲ್ ಯೂನಿಫಾರ್ಮ್ಲಿ ಟಿಕ್ ತಗದಿರಬೇಕು, ಪ್ರಾಪರ್ಟೀಸ್ ಒಳಗ ಎಕ್ಸ್ ಒಂದು ವೈ ಒಂದು ಕೊಡಬಹುದು. ಓರೆ ಫೋಟೋಗೆ ಇದೂ ಮದ್ದಲ್ಲ, ಮತ್ತ ಸ್ಕ್ಯಾನ್ ಮಾಡಿಸ್ರಿ.

ಫೋಟೋ ಸೊಟ್ಟ ತಿರುಗಿತ್ತು ಅಂದ್ರ ಸ್ಕೇಲ್ ಬದ್ಲಿ ಎಎಲ್, ಅಂದ್ರ ಅಲೈನ್, ಛಲೋ. ಮೊದ್ಲು ಬಾಜೂಕ 216 ಫೂಟಿನ ನೇರ ಲೈನ್ ಎಳ್ದು ಇಟ್ಕೊಂಡು, ಫೋಟೋದಾಗಿನ ಮೊದಲ ತುದಿ ಕ್ಲಿಕ್ ಮಾಡಿ ಲೈನಿನ ಮೊದಲ ತುದಿ, ಎರಡನೇದು ಹಂಗೇ, ಮೂರನೇದು ಕೇಳಿದಾಗ ಬರೀ ಎಂಟರ್, ಸ್ಕೇಲ್ ಮಾಡಬೇಕೇನು ಅಂತ ಕೇಳಿದ್ರ ವೈ. ಸರಿಸೋದು ತಿರುಗ್ಸೋದು ಸೈಜು ಮೂರೂ ಒಂದೇ ಏಟಿಗೆ. 

ಟ್ರೇಸ್ ಮಾಡೋ ಮುಂಚೆ ಫೋಟೋನ ಬ್ಯಾರೆ ಲೇಯರಿಗೆ (ಪಾರದರ್ಶಕ ಹಾಳಿ ಇದ್ದಂಗ) ಹಾಕ್ರಿ, ಡ್ರಾಆರ್ಡರ್ ಕೊಟ್ಟು ಹಿಂದ ತಳ್ರಿ, ಇಮೇಜ್‌ಅಡ್ಜಸ್ಟ್ ಒಳಗ ಫೇಡ್ ಜಾಸ್ತಿ ಮಾಡಿದ್ರ ಗೆರಿ ಚಂದ ಕಾಣ್ತಾವ, ಕಡೀಗೆ ಆ ಲೇಯರ್ ಲಾಕ್ ಮಾಡ್ರಿ. ಪ್ರಿಂಟ್ ಒಳಗ ಫೋಟೋದ ಚೌಕಟ್ಟು ಬರಬಾರ್ದು ಅಂದ್ರ ಇಮೇಜ್‌ಫ್ರೇಮ್ ಅಂತ ಹೊಡ್ದು 2 ಕೊಡ್ರಿ, ಸ್ಕ್ರೀನ್ ಮ್ಯಾಲ ಕಾಣ್ತದ ಪ್ರಿಂಟ್ ಆಗಂಗಿಲ್ಲ. 0 ಇಟ್ರ ಫೋಟೋ ಸೆಲೆಕ್ಟೇ ಆಗವಲ್ದು ಅಂತ ತಲಿ ಕೆಡ್ತದ.

ಡ್ರಾಯಿಂಗ್ ಯಾರಿಗರೆ ಕಳಿಸೋವಾಗ ಬರೀ ಡಿಡಬ್ಲ್ಯೂಜಿ, ಅಂದ್ರ ಡ್ರಾಯಿಂಗ್ ಫೈಲ್, ಕಳಿಸಿದ್ರ ಅವರಿಗೆ ಫೋಟೋ ಜಾಗಾದಾಗ ಖಾಲಿ ಚೌಕಟ್ಟು, ಫೈಲಿನ ಹೆಸರು ಇಷ್ಟೇ ಕಾಣ್ತದ, ಫೋಟೋ ಒಳಗ ಸೇರಿರಂಗಿಲ್ಲ, ಬರೀ ಲಿಂಕ್. ಈಟ್ರಾನ್ಸ್‌ಮಿಟ್ ಕೊಟ್ರ ಎರಡೂ ಕೂಡಿ ಝಿಪ್ ಆಗ್ತದ, ಅದನ್ನೇ ಕಳಿಸ್ರಿ.