ಸ್ವಿಚ್ಚೇ ಇಲ್ಲದ ಕಂಪ್ಯೂಟರ್‌ಗೆ ಮತ್ತೆ ಜೀವ

ನನ್ನ ಮೊದಲ ಸ್ಪೆಕ್ಟ್ರಮ್ ಕಂಪ್ಯೂಟರ್ ಸುಟ್ಟುಹೋಗಲು ಎರಡು ಸೆಕೆಂಡ್ ಸಾಕಾಯಿತು. ಇಂಗ್ಲೆಂಡಿನಲ್ಲಿದ್ದು ಬಂದ ಚಿಕ್ಕಪ್ಪನ ಮನೆ ಅಟ್ಟದಲ್ಲಿ ಸಿಕ್ಕಿದ್ದು. ಅದರ ಅಡಾಪ್ಟರ್ ಕಾಣೆಯಾಗಿತ್ತು. ಹಳೆ ರೂಟರ್‌ನದು ಒಂದು ಬಿದ್ದಿತ್ತು, ಮೇಲೆ 9 ವೋಲ್ಟ್ ಅಂತ ಬರೆದಿತ್ತು, ಪಿನ್ನೂ ಸರಿಯಾಗಿ ಕೂತಿತು. ಚುಕ್ ಅಂತ ಒಂದು ಸದ್ದು, ಆಮೇಲೆ ವಾಸನೆ. ಈ ಕಂಪ್ಯೂಟರ್‌ಗೆ ಆನ್-ಆಫ್ ಸ್ವಿಚ್ಚೇ ಇಲ್ಲ. ಪಿನ್ ಚುಚ್ಚಿದರೆ ಆನ್, ಕಿತ್ತರೆ ಆಫ್. ಹಾಗಾಗಿ ಯೋಚನೆ ಮಾಡುವುದಕ್ಕೆ ಸಮಯವೂ ಇರಲಿಲ್ಲ.

ಹಳೆ ಕಂಪ್ಯೂಟರ್‌ಗಳು ವಯಸ್ಸಾಗಿ ಸಾಯುವುದಕ್ಕಿಂತ, ನಲವತ್ತು ವರ್ಷ ಅಟ್ಟದಲ್ಲಿ ಸುಮ್ನೆ ಮಲಗಿದ್ದು ನಮ್ಮ ಗಡಿಬಿಡಿಗೆ ಸಾಯುವುದೇ ಜಾಸ್ತಿ. ಅದಕ್ಕೇ ಈ ಲೇಖನದಲ್ಲಿ ಕರೆಂಟ್ ಕೊಡುವ ಮಾತು ಸ್ವಲ್ಪ ತಡವಾಗಿ ಬರುತ್ತದೆ.

ಯಾವ ಯಂತ್ರ ಇದು?

ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಬ್ರಿಟನ್‌ನಲ್ಲಿ 1982ರ ಏಪ್ರಿಲ್‌ನಲ್ಲಿ ಬಂತು. 16ಕೆ (ಕಿಲೋಬೈಟ್) ಮೆಮೊರಿಯದಕ್ಕೆ 125 ಪೌಂಡ್, 48ಕೆ ಇರುವುದಕ್ಕೆ 175 ಪೌಂಡ್. ಒಳಗೆ 3.5 ಮೆಗಾಹರ್ಟ್ಜ್‌ನ ಝಡ್80 ಪ್ರೊಸೆಸರ್, ಮೇಲೆ ರಬ್ಬರ್ ಕೀಗಳು, ತೋರಿಸುವುದು ಮನೆಯ ಟಿವಿಯಲ್ಲಿ, ಪ್ರೋಗ್ರಾಂ ಬರುವುದು ಕ್ಯಾಸೆಟ್ಟಿನಿಂದ. ನಮ್ಮಲ್ಲಿ 1984ರಲ್ಲಿ ಶುರುವಾದ ಕ್ಲಾಸ್ ಎಂಬ ಸರ್ಕಾರಿ ಕಂಪ್ಯೂಟರ್ ಕಲಿಕೆ ಯೋಜನೆಯಡಿ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೊ ಎಂಬ ಇನ್ನೊಂದು ಬ್ರಿಟಿಷ್ ಕಂಪ್ಯೂಟರ್. ಸ್ಪೆಕ್ಟ್ರಮ್ ಬಂದದ್ದು ಹೆಚ್ಚಾಗಿ ಫಾರಿನ್‌ನಿಂದ ಬಂದವರ ಸೂಟ್‌ಕೇಸಿನಲ್ಲಿ. ಎಂಬತ್ತರ ದಶಕದಲ್ಲಿ ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಇದರ ಮುಂದಿನ ರೂಪವಾದ ಸ್ಪೆಕ್ಟ್ರಮ್ ಪ್ಲಸ್ ಅನ್ನು ಡಿಬಿ ಸ್ಪೆಕ್ಟ್ರಮ್ ಹೆಸರಲ್ಲಿ ಇಲ್ಲಿ ಮಾರಿತು. ಅಂಥದ್ದು ಕೈಗೆ ಸಿಕ್ಕರೆ ಬಿಡಬೇಡಿ.

ಬೇಕಾದ ಸಾಮಾನು ಕಡಿಮೆ: ಮಲ್ಟಿಮೀಟರ್, ಬಿಸಿ ಹೊಂದಿಸಬಹುದಾದ ಸೋಲ್ಡರಿಂಗ್ ಐರನ್, ಸೋಲ್ಡರ್ ಹೀರುವ ಪಂಪ್, ಸ್ಟಾರ್ ಸ್ಕ್ರೂಡ್ರೈವರ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಸುತ್ತು ಹೊಡೆದರೆ ಇವೆಲ್ಲ ಸಿಗುತ್ತವೆ.

ಮೊದಲು ಅಡಾಪ್ಟರ್

ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್ ಡಿಸಿ, 1.4 ಆಂಪಿಯರ್. ಆದರೆ ಪಿನ್ನಿನ ನಡುಭಾಗ ಮೈನಸ್, ಹೊರಭಾಗ ಪ್ಲಸ್. ಈಗಿನ ರೂಟರ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ. ನಾನು ಎಡವಿದ್ದು ಇಲ್ಲೇ. ಗಿಟಾರ್ ಪೆಡಲ್‌ಗಳ ಅಡಾಪ್ಟರ್‌ನಲ್ಲಿ ನಡುಭಾಗ ಮೈನಸ್ಸೇ ಇರುತ್ತದೆ, ಆದರೆ ಹೆಚ್ಚಿನವುಗಳಿಗೆ ಅಷ್ಟು ಕರೆಂಟ್ ಕೊಡುವ ತಾಕತ್ತಿಲ್ಲ. ಮೇಲೆ ಏನೇ ಬರೆದಿರಲಿ, ಮೀಟರ್ ಹಿಡಿದು ನೋಡಿ. ಒರಿಜಿನಲ್ ಅಡಾಪ್ಟರ್ ಇದ್ದು, ಖಾಲಿ ಇರುವಾಗ 12 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಗಾಬರಿ ಬೇಡ. ಅದು ಹಳೆ ಕಾಲದ ಟ್ರಾನ್ಸ್‌ಫಾರ್ಮರ್, ಲೋಡ್ ಬಿದ್ದಾಗ ಇಳಿಯುತ್ತದೆ.

ಬಿಚ್ಚುವುದು

ಕೆಳಗಡೆ ಐದು ಸ್ಕ್ರೂ. ತೆಗೆದ ಕೂಡಲೇ ಮೇಲಿನ ಭಾಗವನ್ನು ಎಳೆಯಬೇಡಿ. ಕೀಬೋರ್ಡಿನಿಂದ ಎರಡು ತೆಳು ಪ್ಲಾಸ್ಟಿಕ್ ಪಟ್ಟಿಗಳು ಬೋರ್ಡಿನ ಸಾಕೆಟ್‌ಗೆ ಹೋಗಿರುತ್ತವೆ. ಒಣಗಿದ ಹಪ್ಪಳದಂತಾಗಿರುತ್ತವೆ, ಮಡಿಸಿದರೆ ಮುರಿದವು ಅಂತಲೇ. ನೇರವಾಗಿ ಮೇಲಕ್ಕೆ, ನಿಧಾನವಾಗಿ ಎಳೆಯಿರಿ. ಮುರಿದರೂ ಪರವಾಗಿಲ್ಲ, ಈ ಪಟ್ಟಿಗಳ ಸಮೇತ ಕೀಗಳ ಕೆಳಗಿರುವ ತೆಳು ಹಾಳೆ, ಅಂದರೆ ಹೊಸ ಮೆಂಬ್ರೇನ್‌ಗಳನ್ನು ಈಗಲೂ ಮಾಡಿ ಮಾರುತ್ತಾರೆ. ಅದನ್ನು ಹಾಕಲು ಮುಂದಿನ ಲೋಹದ ತಗಡು ತೆಗೆಯಬೇಕು. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿದರೆ ಗೋಂದು ಸಡಿಲವಾಗುತ್ತದೆ. ಅವಸರ ಮಾಡಿದರೆ ತಗಡು ಬಾಗುತ್ತದೆ, ಬಾಗಿದ ತಗಡು ಮತ್ತೆ ನೆಟ್ಟಗಾಗುವುದಿಲ್ಲ. ರಬ್ಬರ್ ಕೀಗಳಿಗೆ ಸೋಪಿನ ನೀರು ಸಾಕು. ಥಿನ್ನರ್ ಗಿನ್ನರ್ ಹಚ್ಚಿ ಅಕ್ಷರ ಅಳಿಸಿಕೊಳ್ಳಬೇಡಿ.

ಕರೆಂಟ್ ಕೊಡುವ ಮುಂಚೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ಪೆಕ್ಟ್ರಮ್‌ನ ಮೊದಲ 16ಕೆ ಮೆಮೊರಿ 4116 ಎಂಬ ಎಂಟು ಚಿಪ್‌ಗಳಲ್ಲಿದೆ. ಈ ಚಿಪ್‌ಗಳದ್ದು ಮಹಾ ರಗಳೆ. ಒಂದು ವೋಲ್ಟೇಜ್ ಸಾಲದು, ಮೂರು ಬೇಕು: ಪ್ಲಸ್ 5, ಪ್ಲಸ್ 12, ಮೈನಸ್ 5. ಹನ್ನೆರಡನ್ನೂ ಮೈನಸ್ ಐದನ್ನೂ ಬೋರ್ಡಿನ ಮೇಲಿನ ಒಂದು ಪುಟ್ಟ ಸರ್ಕ್ಯೂಟ್ ತಯಾರಿಸುತ್ತದೆ. ಅದರ ಮೇಸ್ತ್ರಿ ಟಿಆರ್4 ಎಂಬ ಟ್ರಾನ್ಸಿಸ್ಟರ್, ಪಕ್ಕದಲ್ಲಿ ಸಹಾಯಕ್ಕೆ ಟಿಆರ್5, ಜೊತೆಗೆ ತಂತಿ ಸುತ್ತಿದ ಒಂದು ಕಾಯಿಲ್.

ಮೈನಸ್ 5 ಇಲ್ಲದೆ 12 ವೋಲ್ಟ್ ಬಂದರೆ 4116 ಚಿಪ್ ಬಿಸಿಯಾಗಿ ಸಾಯುತ್ತದೆ. ಚಿಪ್ ಶಾರ್ಟ್ ಆದರೆ ಟಿಆರ್4 ಸಾಯುತ್ತದೆ. ಒಂದು ಇನ್ನೊಂದನ್ನು ಎಳೆದುಕೊಂಡೇ ಹೋಗುತ್ತದೆ. ನಾನು ಉಲ್ಟಾ ಅಡಾಪ್ಟರ್ ಹಾಕಿದಾಗ ಮೊದಲು ಹೋದದ್ದು ಟಿಆರ್4. ಹೊಸದು ಹಾಕಿ, ಮತ್ತೆ ಪಿನ್ ಚುಚ್ಚಿ, ಅದನ್ನೂ ಸುಟ್ಟೆ. ಶಾರ್ಟ್ ಆಗಿದ್ದ ಚಿಪ್ ಹಾಗೇ ಕೂತಿತ್ತಲ್ಲ!

ಆದ್ದರಿಂದ ಮೊದಲು ಕರೆಂಟ್ ಇಲ್ಲದೆ ಅಳೆಯಿರಿ. 4116ರ ಪಿನ್‌ಗಳು ಹೀಗಿವೆ: 1ನೇ ಪಿನ್ ಮೈನಸ್ 5, 8ನೇ ಪಿನ್ ಪ್ಲಸ್ 12, 9ನೇ ಪಿನ್ ಪ್ಲಸ್ 5, 16ನೇ ಪಿನ್ ಗ್ರೌಂಡ್. ಗ್ರೌಂಡ್‌ನಿಂದ ಉಳಿದ ಮೂರಕ್ಕೂ ಮೀಟರ್ ಹಿಡಿದು ಓಮ್ಸ್ ನೋಡಿ. ಎಲ್ಲಾದರೂ ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಇದೆ ಎಂದರ್ಥ. ಚಿಪ್‌ಗಳನ್ನು ಒಂದೊಂದಾಗಿ ತೆಗೆದು ಅಳೆಯುತ್ತಾ ಹೋಗಬೇಕು. ತೆಗೆದ ಜಾಗಕ್ಕೆ ಮತ್ತೆ ನೇರ ಸೋಲ್ಡರ್ ಮಾಡದೆ ಸಾಕೆಟ್ ಹಾಕಿ, ಮುಂದೆ ನಿಮಗೇ ಅನುಕೂಲ. ಕಾಯಿಲ್‌ನ ಸಣ್ಣ ತಂತಿ ತುಂಡಾಗಿದೆಯೇ ಅಂತಲೂ ನೋಡಿಕೊಳ್ಳಿ.

ಶಾರ್ಟ್ ಇಲ್ಲ ಅಂತ ಗೊತ್ತಾದ ಮೇಲೆ ಕರೆಂಟ್ ಕೊಡಿ. ಒಂದು ಕೈಯಲ್ಲಿ ಮೀಟರ್, ಇನ್ನೊಂದು ಕೈ ಪವರ್ ಪಿನ್ನಿನ ಮೇಲೆ. ಮೊಟ್ಟಮೊದಲು ನೋಡಬೇಕಾದ್ದು ಮೈನಸ್ 5. ಅದು ಇಲ್ಲದಿದ್ದರೆ ಆ ಕ್ಷಣವೇ ಪಿನ್ ಕೀಳಿ.

ಮೂರೂ ಸರಿ ಇದ್ದರೆ ಟಿವಿ ಜೋಡಿಸಿ. ಆರೋಗ್ಯವಾಗಿರುವ ಯಂತ್ರ ಮೊದಲು ತನ್ನ ಮೆಮೊರಿಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಆಗ ಕಪ್ಪು ಪರದೆಯ ಮೇಲೆ ಕೆಂಪು ಗೆರೆಗಳು ಮೂಡಿ ಮಾಯವಾಗುತ್ತವೆ. ಆಮೇಲೆ ಬಿಳಿ ಪರದೆಯ ಕೆಳಗಡೆ 1982 ಮತ್ತು ಸಿಂಕ್ಲೇರ್ ರಿಸರ್ಚ್ ಎಂಬ ಸಾಲು. ಅಸ್ತವ್ಯಸ್ತ ಚೌಕಗಳು, ಪಟ್ಟಿಗಳು ಬಂದರೆ ಹೆಚ್ಚಾಗಿ ಮೆಮೊರಿ ಚಿಪ್‌ನದೇ ದೋಷ. ಬೆರಳು ಇಟ್ಟು ನೋಡಿ, ಉಳಿದವಕ್ಕಿಂತ ಬಿಸಿಯಾಗಿರುವುದು ಮೊದಲ ಅನುಮಾನಿತ. ಚಿತ್ರವೇ ಬರದಿದ್ದರೆ ಚಿತ್ರ ಮೂಡಿಸುವ ಯುಎಲ್ಎ ಎಂಬ ದೊಡ್ಡ ಚಿಪ್ ಅನ್ನು ಸಾಕೆಟ್‌ನಿಂದ ತೆಗೆದು ಮತ್ತೆ ಕೂರಿಸಿ. ಫೆರಾಂಟಿ ಕಂಪನಿ ಸ್ಪೆಕ್ಟ್ರಮ್‌ಗೆಂದೇ ಮಾಡಿಕೊಟ್ಟ ಚಿಪ್ ಅದು, ಜೋಪಾನ.

ಈಗಿನ ಟಿವಿಗೆ ಹೊಂದಿಸುವುದು

ಸ್ಪೆಕ್ಟ್ರಮ್‌ನ ಚಿತ್ರ ಆಂಟೆನಾ ತಂತಿಯ ಮೂಲಕ ಯುಎಚ್‌ಎಫ್ 36ನೇ ಚಾನೆಲ್‌ನಲ್ಲಿ ಬರುತ್ತದೆ. ಬಣ್ಣದ ಟಿವಿಗೆ ಬ್ರಿಟನ್ನಿನಂತೆ ನಮ್ಮದೂ ಪಾಲ್ ಎಂಬ ಪದ್ಧತಿಯೇ, ಹಾಗಾಗಿ ಹೊಂದುತ್ತದೆ. ಶಬ್ದ ಟಿವಿಗೆ ಹೋಗುವುದೇ ಇಲ್ಲ, ಒಳಗಿನ ಪುಟ್ಟ ಸ್ಪೀಕರ್‌ನಿಂದ ಬರುತ್ತದೆ. ಆದರೆ ಈ ದಾರಿಯಲ್ಲಿ ಬರುವ ಚಿತ್ರ ಮಂಜು ಮಂಜು. ಹಳದಿ ಪಿನ್ನಿನ ವಿಡಿಯೊ ಇನ್‌ಪುಟ್ ಇರುವ ಟಿವಿ ಇದ್ದರೆ ಒಂದು ಸುಲಭ ಉಪಾಯ ಇದೆ. ಬೋರ್ಡಿನ ಮೂಲೆಯಲ್ಲಿ ತಗಡಿನ ಡಬ್ಬಿ ಕಾಣುತ್ತದೆ, ಅದು ಮಾಡ್ಯುಲೇಟರ್, ಚಿತ್ರವನ್ನು ಟಿವಿ ಚಾನೆಲ್ಲಿನ ಸಿಗ್ನಲ್ ಆಗಿಸುವುದು ಅದೇ. ಅದಕ್ಕೆ ಎರಡು ತಂತಿ: ಒಂದು 5 ವೋಲ್ಟ್, ಇನ್ನೊಂದು ವಿಡಿಯೊ. ಯಾವುದು ಯಾವುದೆಂದು ಮೀಟರ್‌ನಲ್ಲಿ ನೋಡಿ, ಎರಡನ್ನೂ ಬಿಡಿಸಿ. ಡಬ್ಬಿಯ ಒಳಗೆ ಸಾಕೆಟ್‌ನ ನಡು ಪಿನ್ನಿಗೆ ಸೇರಿರುವ ರೆಸಿಸ್ಟರ್ ಕಾಲನ್ನು ಬಿಡಿಸಿ. ವಿಡಿಯೊ ತಂತಿಯನ್ನು 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ನೇರ ಆ ಪಿನ್ನಿಗೆ ಸೇರಿಸಿ, ಪ್ಲಸ್ ಕಾಲು ಬೋರ್ಡಿನ ಕಡೆ ಇರಲಿ. 5 ವೋಲ್ಟ್ ತಂತಿಗೆ ಇನ್ಸುಲೇಷನ್ ಟೇಪ್ ಸುತ್ತಿ ಬಿಡಿ. ಏನನ್ನೂ ಕತ್ತರಿಸಿಲ್ಲ, ಬೇಕೆಂದಾಗ ವಾಪಸ್ ಮಾಡಬಹುದು. ಹೊಸದಾಗಿ ತೂತು ಕೊರೆದು ಸಾಕೆಟ್ ಕೂರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈ ನಡುವೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನೂ ಬದಲಿಸಿಬಿಡಿ. ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ, ಪ್ಲಸ್-ಮೈನಸ್ ತಪ್ಪಬಾರದು. 9 ವೋಲ್ಟನ್ನು 5ಕ್ಕೆ ಇಳಿಸುತ್ತಾ ಕಾವಲಿಯಂತೆ ಕಾಯುವ 7805 ರೆಗ್ಯುಲೇಟರ್ ಜಾಗಕ್ಕೆ ಅದೇ ಮೂರು ಕಾಲಿನ ಸ್ವಿಚಿಂಗ್ ರೆಗ್ಯುಲೇಟರ್ ಹಾಕಿದರೆ ಕಂಪ್ಯೂಟರ್ ತಣ್ಣಗಿರುತ್ತದೆ.

16ರಿಂದ 48ಕ್ಕೆ

ನಿಮ್ಮದು 16ಕೆ ಆಗಿದ್ದು, ಬೋರ್ಡು ಇಶ್ಯೂ 2 (ಎರಡನೇ ಆವೃತ್ತಿ) ಅಥವಾ ಆಮೇಲಿನದಾಗಿದ್ದರೆ ಹನ್ನೆರಡು ಖಾಲಿ ಜಾಗ ಕಾಣಿಸುತ್ತವೆ. ಎಂಟು ಮೆಮೊರಿಗೆ, ನಾಲ್ಕು ಲಾಜಿಕ್ ಚಿಪ್‌ಗೆ: ಒಂದು 74ಎಲ್‌ಎಸ್32, ಒಂದು 74ಎಲ್‌ಎಸ್00, ಎರಡು 74ಎಲ್‌ಎಸ್157. ಮೆಮೊರಿಗೆ ಸಿಂಕ್ಲೇರ್ ಬಳಸುತ್ತಿದ್ದದ್ದು 4532 ಎಂಬ ಚಿಪ್. ಅದು ಅರ್ಧ ಕೆಟ್ಟ 64ಕೆ ಚಿಪ್! ಯಾವ ಅರ್ಧ ಚೆನ್ನಾಗಿದೆ ಎಂದು ಹೇಳಲು ಬೋರ್ಡಿನಲ್ಲಿ ಒಂದು ತಂತಿ ಲಿಂಕ್. ಹಣ ಉಳಿಸುವುದರಲ್ಲಿ ಸಿಂಕ್ಲೇರ್ ಕಂಪನಿಯವರು ನಮ್ಮ ಅಜ್ಜಿಯನ್ನೂ ಮೀರಿಸಿದವರು. ನೀವು ಪೂರ್ತಿ ಚೆನ್ನಾಗಿರುವ 4164 ಹಾಕಿ. ಆಗ ಲಿಂಕ್ ಯಾವ ಕಡೆ ಇದ್ದರೂ ನಡೆಯುತ್ತದೆ, ಇದ್ದರೆ ಸಾಕು. ಎಚ್ಚರ: 4164ರ 8ನೇ ಪಿನ್ನಿಗೆ ಬೇಕಾದ್ದು 5 ವೋಲ್ಟ್, 4116ರ ಹಾಗೆ 12 ಅಲ್ಲ. ಅದರ ಜಾಗದಲ್ಲಿ ಇದನ್ನು ಅಪ್ಪಿತಪ್ಪಿಯೂ ಕೂರಿಸಬೇಡಿ.

ಕೆಲಸ ಆಯಿತೋ ಇಲ್ಲವೋ ಎಂದು ಯಂತ್ರವನ್ನೇ ಕೇಳಬಹುದು. ಪಿ ಒತ್ತಿ, ಪ್ರಿಂಟ್ ಎಂಬ ಇಡೀ ಪದವೇ ಬರುತ್ತದೆ. ಎರಡೂ ಶಿಫ್ಟ್ ಒಟ್ಟಿಗೆ ಒತ್ತಿ ಬಿಟ್ಟು ಒ ಒತ್ತಿದರೆ ಪೀಕ್, ಅಂದರೆ ಮೆಮೊರಿಯ ಒಂದು ಜಾಗದಲ್ಲಿ ಏನಿದೆ ಎಂದು ನೋಡುವ ಆಜ್ಞೆ. ಟೈಪ್ ಮಾಡಬೇಕಾದ್ದು ಇಷ್ಟು: ಪ್ರಿಂಟ್ ಪೀಕ್ 23732+256*ಪೀಕ್ 23733. ಉತ್ತರ 32767 ಬಂದರೆ ಇನ್ನೂ 16ಕೆಯಲ್ಲೇ ಇದ್ದೀರಿ. 65535 ಬಂದರೆ 48ಕೆ. ಅವೆರಡರ ನಡುವಿನ ಸಂಖ್ಯೆ ಬಂದರೆ ಯಾವುದೋ ಚಿಪ್ ಅಷ್ಟರವರೆಗೆ ಸರಿಯಿದ್ದು ಮುಂದೆ ಕೈಕೊಟ್ಟಿದೆ.

ಹಿಂದಿನ ಕನೆಕ್ಟರ್

ಹಿಂಬದಿಯ ಸ್ಲಾಟ್‌ಗೆ ಡಿವ್‌ಎಂಎಂಸಿ ಎಂಬ ಕಾರ್ಡ್ ಸಿಕ್ಕಿಸಿದರೆ ಎಸ್‌ಡಿ ಕಾರ್ಡಿನಿಂದ ಆಟಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಲೋಡ್ ಆಗುತ್ತವೆ. ಕರೆಂಟ್ ಇರುವಾಗ ಮಾತ್ರ ಅಲ್ಲಿ ಏನನ್ನೂ ಸಿಕ್ಕಿಸಬೇಡಿ, ಕೀಳಬೇಡಿ. 9 ವೋಲ್ಟ್ ಮತ್ತು 5 ವೋಲ್ಟ್ ಗೆರೆಗಳು ಅಕ್ಕಪಕ್ಕವೇ ಇವೆ, ಸ್ವಲ್ಪ ಅಲ್ಲಾಡಿದರೂ ಎಲ್ಲ ಕೆಲಸ ಮೊದಲಿನಿಂದ.

ನನಗೆ ಮಾತ್ರ ಕ್ಯಾಸೆಟ್ ದಾರಿಯೇ ಇಷ್ಟ. ಕ್ಯಾಸೆಟ್ ಪ್ಲೇಯರ್ ಬೇಕಿಲ್ಲ, ಫೋನಿನ ಹೆಡ್‌ಫೋನ್ ಜ್ಯಾಕ್‌ನಿಂದ ಇಯರ್ ಸಾಕೆಟ್‌ಗೆ ಒಂದು ತಂತಿ, ವಾಲ್ಯೂಮ್ ಪೂರ್ತಿ. ಜೆ ಒತ್ತಿದರೆ ಲೋಡ್, ಸಿಂಬಲ್ ಶಿಫ್ಟ್ ಹಿಡಿದು ಎರಡು ಸಲ ಪಿ ಒತ್ತಿದರೆ ಉದ್ಧರಣ ಚಿಹ್ನೆಗಳು, ಎಂಟರ್. ಆಮೇಲೆ ಫೋನಿನಲ್ಲಿ ಆಟದ ಕ್ಯಾಸೆಟ್ ಸದ್ದಿನ ಫೈಲ್ ಪ್ಲೇ ಮಾಡಿ. ಪರದೆಯ ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟಿಗಳು ನಿಧಾನವಾಗಿ ಉರುಳುತ್ತವೆ, ಆಮೇಲೆ ನೀಲಿ-ಹಳದಿ ಪಟ್ಟಿಗಳು ಚುರುಕಾಗಿ ಓಡುತ್ತವೆ. ದೊಡ್ಡ ಆಟಕ್ಕೆ ನಾಲ್ಕೈದು ನಿಮಿಷ ಬೇಕು. ಅಷ್ಟರಲ್ಲಿ ಕಾಫಿ ಮಾಡಿಕೊಂಡು ಬನ್ನಿ. ಫೋನಿಗೆ ಯಾರದ್ದಾದರೂ ಕಾಲ್ ಬಂದರೆ ಕೆಟ್ಟಿತು, ಏರೋಪ್ಲೇನ್ ಮೋಡ್ ಹಾಕಿಟ್ಟು ಹೋಗಿ.