ಹಳೇ ಲ್ಯಾಪ್‌ಟಾಪಿಗೆ ಯಾವ ಓಎಸ್ ಹಾಕೋದು?

ಯಾವ ಓಎಸ್ (ವಿಂಡೋಸ್ ಥರ ಕಂಪ್ಯೂಟರನ್ನು ನಡೆಸೋ ಮೂಲ ತಂತ್ರಾಂಶ) ಒಳ್ಳೇದು ಅಂತ ಕೇಳೋ ಮುಂಚೆ ಒಂದು ಚೀಟಿ ತಗೊಳ್ಳಿ. ಮನೆಯವರು ವಾರವಿಡೀ ಕಂಪ್ಯೂಟರ್‌ನಲ್ಲಿ ಏನೇನು ತೆರೀತಾರೆ, ಬರೆದಿಡಿ. ನಮ್ಮನೆ ಚೀಟಿಯಲ್ಲಿ ಇದ್ದದ್ದು ಬ್ರೌಸರ್, ವಿಡಿಯೊ, ಪ್ರಿಂಟ್, ಅಷ್ಟೇ. ಅಷ್ಟಕ್ಕೆ ಲಿನಕ್ಸ್ ಮಿಂಟ್ ಅನ್ನೋ ಉಚಿತ ಓಎಸ್ ಧಾರಾಳ ಸಾಕು.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 (ಯಂತ್ರದೊಳಗಿನ ಒಂದು ಭದ್ರತಾ ವ್ಯವಸ್ಥೆ) ಕೇಳುತ್ತೆ, ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಅದಿಲ್ಲ.

ಮಿಂಟ್ ಅನ್ನು ಇನ್‌ಸ್ಟಾಲ್ ಮಾಡೋ ಮೊದಲು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ನೋಡಬಹುದು, ಹಾರ್ಡ್‌ಡಿಸ್ಕಿನಲ್ಲಿ ಇರೋದು ಹಾಗೇ ಇರುತ್ತೆ. ವೈಫೈ ಸಿಗುತ್ತಾ? ಸೌಂಡ್ ಬರುತ್ತಾ? ಮುಚ್ಚಳ ಮುಚ್ಚಿ ತೆಗೆದರೆ ಮತ್ತೆ ಏಳುತ್ತಾ? ಪ್ರಿಂಟರ್ ಒಂದು ಪುಟ ಉಗುಳುತ್ತಾ? ನಾನು ಪ್ರಿಂಟ್ ನೋಡಿ ಖುಷಿಯಾಗಿ ಸ್ಕ್ಯಾನ್ ನೋಡೋದನ್ನೇ ಮರೆತೆ. ಆಮೇಲೆ ಮೂರು ಸಂಜೆ ಸ್ಕ್ಯಾನರ್ ಓಡಿಸೋ ತಂತ್ರಾಂಶ, ಅಂದ್ರೆ ಡ್ರೈವರ್, ಹುಡುಕಿದ್ದೇ ಹುಡುಕಿದ್ದು.

ಚೀಟಿಯಲ್ಲಿ ಫೋಟೋಶಾಪ್ ಇದ್ದರೆ ಲಿನಕ್ಸ್ ಬಿಟ್ಟುಬಿಡಿ, ಅದಕ್ಕೆ ಲಿನಕ್ಸ್ ಆವೃತ್ತಿಯೇ ಇಲ್ಲ. ಗೇಮ್ಸ್ ಹುಚ್ಚಿರೋರಿಗೆ ಈಗಲೂ ವಿಂಡೋಸೇ ಸಲೀಸು. ಮ್ಯಾಕ್‌ಓಎಸ್ ಬೇಕಂದ್ರೆ ಆಪಲ್ ಕಂಪ್ಯೂಟರನ್ನೇ ಕೊಳ್ಳಬೇಕು.

ಯಾವುದೇ ಹಾಕಿ, ಬ್ಯಾಕಪ್ ಮೊದಲು. ಡೌನ್‌ಲೋಡ್ಸ್ ಫೋಲ್ಡರ್ ಮರೀಬೇಡಿ, ಮುಖ್ಯ ಕಾಗದಗಳೆಲ್ಲ ಅಲ್ಲೇ ಬಿದ್ದಿರುತ್ತವೆ.