ಇಪ್ಪತ್ತು ಎಣಿಸುವ ಮುನ್ನ ಸೊನ್ನೆ ಹೇಳಿ

ಪದವಿ ಮೊದಲ ವರ್ಷದ ಭೌತವಿಜ್ಞಾನ ಪ್ರಾಕ್ಟಿಕಲ್‌ನಲ್ಲಿ ಸರಳ ಲೋಲಕವೆಂದರೆ ಎಲ್ಲರಿಗೂ ಸದರ. ಗುಂಡು, ದಾರ, ಸ್ಟಾಪ್‌ವಾಚ್ ಇದ್ದರೆ ಗುರುತ್ವ ವೇಗೋತ್ಕರ್ಷ ಸಿಕ್ಕಿಬಿಡುತ್ತದೆ. ಆದರೂ 9.8ರ ಬದಲು 10.8 ಬರಿಸಿಕೊಂಡು ಪೆಚ್ಚಾಗಿ ನಿಂತವರನ್ನು ಪ್ರತಿ ವರ್ಷ ನೋಡುತ್ತೇನೆ.

ದಾರವನ್ನು ಮೊಳೆಗೆ ಸುತ್ತಬೇಡಿ, ಸೀಳಿದ ಕಾರ್ಕ್‌ನ ನಡುವೆ ಕಚ್ಚಿಸಿ. ಗಾಳದ ನೈಲಾನ್ ದಾರ ಜಗ್ಗುತ್ತದೆ; ಹೊಲಿಗೆ ದಾರವೇ ಸರಿ. ಟೊಳ್ಳು ಪ್ಲಾಸ್ಟಿಕ್ ಚೆಂಡು ಬೇಡವೇ ಬೇಡ, ಗಾಳಿ ಅದನ್ನು ಬೇಗ ನಿಲ್ಲಿಸುತ್ತದೆ. ಗುಂಡು ತೂಗುಬಿಟ್ಟ ಮೇಲೆ ಕಾರ್ಕ್‌ನ ಕೆಳಅಂಚಿನಿಂದ ಗುಂಡಿನ ನಟ್ಟನಡುವಿಗೆ 1 ಮೀಟರ್ ಅಳೆಯಿರಿ.

ಈಗ ಎಣಿಕೆ. ಗುಂಡನ್ನು 10 ಸೆಂ.ಮೀ. ಪಕ್ಕಕ್ಕೆ ಎಳೆದು ಮೆಲ್ಲಗೆ ಬಿಡಿ, ತಳ್ಳಬೇಡಿ. 30 ಡಿಗ್ರಿ ಎಳೆದರೆ ಪ್ರತಿ ತೂಗೂ ಸುಮಾರು ಶೇ 1.7ರಷ್ಟು ನಿಧಾನವಾಗುತ್ತದೆ. ಗುಂಡು ಸುಮ್ಮನೆ ನಿಂತಾಗಿನ ಜಾಗಕ್ಕೆ ನೇರವಾಗಿ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಹಾಕಿರಿ. ತುದಿಯಲ್ಲಿ ಗುಂಡು ತಡವರಿಸುತ್ತದೆ, ಯಾವ ಕ್ಷಣದಲ್ಲಿ ತಿರುಗಿತೆಂದು ಹೇಳಲಾಗದು. ಗೆರೆಯ ಬಳಿ ಅದು ರಪ್ಪನೆ ದಾಟುತ್ತದೆ. ಎಡದಿಂದ ಬಲಕ್ಕೆ ಗೆರೆ ದಾಟುವಾಗ ಸ್ಟಾಪ್‌ವಾಚ್ ಒತ್ತಿ, ಬಾಯಿಬಿಟ್ಟು "ಸೊನ್ನೆ" ಎನ್ನಿ. ಮತ್ತೆ ಎಡದಿಂದಲೇ ಬಂದು ದಾಟಿದಾಗ "ಒಂದು". ಹೀಗೆ "ಇಪ್ಪತ್ತು" ಎನ್ನುವಾಗ ಸ್ಟಾಪ್‌ವಾಚ್ ನಿಲ್ಲಿಸಿ. ಹೆಚ್ಚಿನವರು ಒತ್ತುವಾಗಲೇ "ಒಂದು" ಎಂದುಬಿಡುತ್ತಾರೆ. ಇಪ್ಪತ್ತು ಬೇಲಿಕಂಬ ಎಣಿಸಿದರೆ ನಡುವೆ ಇರುವ ಅಂಕಣ ಹತ್ತೊಂಬತ್ತೇ ಅಲ್ಲವೇ? ಹಾಗೆಯೇ ಇಲ್ಲಿ ಹತ್ತೊಂಬತ್ತು ತೂಗಿಗೆ 38.2 ಸೆಕೆಂಡ್ ಹಿಡಿದು, ಅದನ್ನು 20ರಿಂದ ಭಾಗಿಸುತ್ತಾರೆ. 10.8 ಹುಟ್ಟುವುದು ಹೀಗೆ. ಮೊಬೈಲ್ ಸ್ಟಾಪ್‌ವಾಚ್ ನನಗೆ ಆಗದು: ಎಲ್ಲಿ ಒತ್ತಬೇಕೆಂದು ನೋಡಲು ಹೋಗಿ ಕಣ್ಣು ಗುಂಡನ್ನು ಬಿಡುತ್ತದೆ.

ಸರಿಯಾಗಿ ಎಣಿಸಿದರೆ 40.2 ಸೆಕೆಂಡಿನ ಆಸುಪಾಸು ಬರುತ್ತದೆ. ಒಂದು ತೂಗಿಗೆ 2.01. ಉದ್ದವನ್ನು 39.48ರಿಂದ, ಅಂದರೆ ಪೈ ವರ್ಗದ ನಾಲ್ಕರಷ್ಟರಿಂದ, ಗುಣಿಸಿ 2.01ರ ವರ್ಗದಿಂದ ಭಾಗಿಸಿ: 9.77. ಪುಸ್ತಕದಲ್ಲಿ 9.8 ಇದೆಯೆಂದು ರೆಕಾರ್ಡ್‌ನಲ್ಲಿ ರಬ್ಬರ್ ಉಜ್ಜಬೇಡಿ. ಬೆಂಗಳೂರಿನ ನಿಜವಾದ ಬೆಲೆಯೇ ಸುಮಾರು 9.78. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆದ ಅಂಕಿಗಳು ನೋಡಿದ ಕೂಡಲೇ ಗೊತ್ತಾಗುತ್ತವೆ, ಅಷ್ಟು ನುಣುಪಾಗಿರುತ್ತವೆ.

ಬಿಡುವಿದ್ದರೆ ಉದ್ದವನ್ನು 60, 70, 80, 90 ಸೆಂ.ಮೀ.ಗೆ ಬದಲಿಸಿ ಗ್ರಾಫ್ ಎಳೆಯಿರಿ: ಅಡ್ಡಕ್ಕೆ ಉದ್ದ, ಮೇಲಕ್ಕೆ ಕಾಲದ ವರ್ಗ. ಗುಂಡಿನ ನಡುವನ್ನು ಪ್ರತಿ ಸಲ ಒಂದೇ ರೀತಿ ತಪ್ಪಾಗಿ ಅಳೆದಿದ್ದರೂ ಗೆರೆ ಪಕ್ಕಕ್ಕೆ ಸರಿಯುತ್ತದೆ ಅಷ್ಟೆ, ಅದರ ಓರೆ ಬದಲಾಗುವುದಿಲ್ಲ. 39.48ನ್ನು ಆ ಓರೆಯಿಂದ ಭಾಗಿಸಿ.